ಕೆರೆ, ಗುಡ್ಡ ಮತ್ತು ಶ್ರಾವಕಧರ್ಮ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಮಾದಚರ್ಯೆಯನ್ನೂ ಹೇಳಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಗೃಹಸ್ಥನು ಕೃಷಿಯನ್ನಾಗಲಿ ವ್ಯಾಪಾರವನ್ನಾಗಲಿ ಬಿಡಬೇಕೆಂದು ಆಚಾರ್ಯರು ಹೇಳಲಿಲ್ಲ. ತನ್ನ ಅಗತ್ಯವೆಷ್ಟು, ಅದಕ್ಕಾಗಿ ಆಗುವ ಹಾನಿಯೆಷ್ಟು ಎಂದು ತೂಗಿ ನೋಡಬೇಕೆಂದರು. ಗದಗ ಸೀಮೆಯ ಇತಿಹಾಸದಲ್ಲಿ ಈ ತೂಕದ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

ಪ್ರಾಚೀನ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಶಂಖಬಸದಿಗೆ ಅರಸರು ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಶಾಸನಗಳಲ್ಲಿದೆ. ಗದುಗಿನ ಸಮೀಪದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಜಿನಾಲಯದ ಶಾಸನ 1007ರದು. ದತ್ತಿಯ ನೆಲದಲ್ಲಿ ಬೆಳೆ ಬಂದರೆ ಮಾತ್ರ ಪೂಜೆ, ಆಹಾರದಾನಗಳು ನಡೆಯುತ್ತಿದ್ದವು. ಮಳೆ ಕಡಿಮೆಯಾದ ಈ ಎರೆನಾಡಿನಲ್ಲಿ ಬೆಳೆಗೆ ಕೆರೆಯೂ ಗುಡ್ಡವೂ ಆಧಾರ. ಆದುದರಿಂದ ಧರ್ಮಸಂಸ್ಥೆಗಳ ಬಾಳು ಇಲ್ಲಿಯ ಜೀವಸಂಕುಲದ ಬಾಳಿನಿಂದ ಎಂದೂ ಬೇರೆಯಾಗಿರಲಿಲ್ಲ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇದಕ್ಕೆ ಉತ್ತಮ ನಿದರ್ಶನ. ನೀರಾವರಿಗೆಂದು ಮಳೆನೀರು ನಿಲ್ಲಿಸಲು ಜನರು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಕೆರೆಯಿದು. ಚಳಿಗಾಲ ಬಂತೆಂದರೆ ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಇಳಿಯುತ್ತವೆ. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಪಕ್ಷಿಗಳನ್ನು ಗುರುತಿಸಲಾಗಿದೆ. 2024ರಲ್ಲಿ ಈ ಕೆರೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಬೆಳಗಿನಲ್ಲಿ ಹಕ್ಕಿಗಳ ಹಿಂಡು ನೀರಿಗೆ ಇಳಿಯುವ ನೋಟಕ್ಕೆ ಯಾರೂ ಬೆಲೆ ಕಟ್ಟಲಾರರು. ಆದರೆ ಆ ನೋಟಕ್ಕೊಂದು ವೆಚ್ಚವಿದೆ. ಹೆಬ್ಬಾತುಗಳು ಮೇಯುವುದು ಸುತ್ತಲಿನ ಹೊಲಗಳಲ್ಲಿ. ಎಳೆಯ ಪೈರನ್ನು ಕಳೆದುಕೊಳ್ಳುವವನು ರೈತ. ಸೊಬಗನ್ನು ಸವಿದು ಮರಳುವವನು ಪ್ರವಾಸಿ. ಅಹಿಂಸೆಯ ಹೊರೆಯನ್ನು ಒಬ್ಬನೇ ಹೊತ್ತು, ಅದರ ಪುಣ್ಯವನ್ನು ಎಲ್ಲರೂ ಹಂಚಿಕೊಳ್ಳುವುದು ನ್ಯಾಯವೆನಿಸದು.

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಕಥೆ ಇನ್ನೊಂದು ಬಗೆಯದು. ಎಪ್ಪತ್ತು ಗಿರಿಗಳನ್ನು ಕಾಣುವುದಕ್ಕಿಂತ ಕಪ್ಪತಗಿರಿಯನ್ನು ಕಾಣುವುದು ಲೇಸೆಂಬ ನಾಡಮಾತು ಅದರ ಚೆಲುವಿಗೆ ಸಾಕ್ಷಿ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡ ದನಕುರಿಗಳಿಗೆ ಮೇವನ್ನೂ, ತಪ್ಪಲಿನ ಹಳ್ಳಗಳಿಗೆ ನೀರನ್ನೂ ಕೊಡುತ್ತದೆ. ತೋಳ, ಕತ್ತೆಕಿರುಬಗಳಿಗೆ ನೆಲೆಯಾಗಿದೆ. ಇದರ ಒಡಲಲ್ಲಿ ಚಿನ್ನವೂ ಇದೆ. 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಅದನ್ನು ಅಗೆದು, ಲಾಭ ಸಾಲದೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ಗುಡ್ಡದ ಹುಲ್ಲು ಮಾತ್ರ ಪ್ರತಿ ಮಳೆಗಾಲದಲ್ಲೂ ಚಿಗುರುತ್ತಲೇ ಬಂದಿದೆ.

ಆದರೂ ಚಿನ್ನದ ಆಸೆ ಅಳಿಯಲಿಲ್ಲ. 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದ ಸರಕಾರ 2016ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ 2017ರ ಫೆಬ್ರವರಿಯಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಅದೇ ವರ್ಷ ರಕ್ಷಣೆ ಮರಳಿ ದೊರೆಯಿತು. 2019ರಲ್ಲಿ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ವೀರಶೈವ ಮಠವೊಂದು ಮುನ್ನಡೆಸಿದ ಈ ಕಾರ್ಯದಲ್ಲಿ ಜೈನರಿಗೂ ಪಾಠವಿದೆ. ಜೀವದಯೆ ಯಾವುದೇ ಒಂದು ಮತದ ಸ್ವತ್ತಲ್ಲ, ಆಚರಿಸಿದವರ ಸ್ವತ್ತು.

ಗಣಿಯ ಆದಾಯವನ್ನು ಲೆಕ್ಕಪುಸ್ತಕದಲ್ಲಿ ಬರೆಯುವುದು ಸುಲಭ. ಊರಬಾವಿಗೆ ಒಸರುವ ನೀರು, ಬಡವನ ಮನೆಯ ಔಷಧಿ, ಕುರಿಗಾಹಿಯ ಮೇವು ಆ ಪುಸ್ತಕಕ್ಕೆ ಬರುವುದಿಲ್ಲ. ಬರೆಯದ ಮಾತ್ರಕ್ಕೆ ಅವು ಬೆಲೆಯಿಲ್ಲದವಾಗುವುದಿಲ್ಲ. ಕಳೆದುಹೋದ ದಿನ ಅವುಗಳ ಬೆಲೆ ತಿಳಿಯುತ್ತದೆ.

ಬಸದಿಗಳ ಟ್ರಸ್ಟುಗಳ ವಶದಲ್ಲಿ ಇಂದಿಗೂ ಬಾವಿ, ಹೊಲ, ಹಳೆಯ ಮರಗಳಿವೆ. ಬಾವಿಯ ಹೂಳು ತೆಗೆಸುವುದು, ಮರವನ್ನು ಕಡಿಯುವ ಮುನ್ನ ಅದರ ಅಗತ್ಯವನ್ನು ಸಭೆಯಲ್ಲಿ ಚರ್ಚಿಸುವುದು, ಹಕ್ಕಿಗಳಿಂದ ಬೆಳೆ ಕಳೆದುಕೊಂಡ ರೈತನಿಗೆ ಜೀವದಯೆಯ ನಿಧಿಯಿಂದ ನೆರವಾಗುವುದು ದೊಡ್ಡ ಕಾರ್ಯಗಳೇನಲ್ಲ. ಪರ್ವದಿನಗಳಲ್ಲಿ ಅಭಯದಾನದ ಮಹಿಮೆಯನ್ನು ಕೇಳುವ ಶ್ರಾವಕನಿಗೆ ಅದನ್ನು ನೆರವೇರಿಸುವ ಜಾಗ ಊರ ಹೊರಗಿನ ಕೆರೆಯ ಏರಿಯ ಮೇಲೆಯೇ ಇದೆ.