ಊರಿನ ಶಾಲೆ, ಶಹರದ ಶಾಲೆ: ಪಾಲಕರ ಮುಂದಿರುವ ಹಳೆಯ ಪ್ರಶ್ನೆ



ಬೇಸಿಗೆ ರಜೆ ಮುಗಿಯುತ್ತ ಬಂದಂತೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಗುವನ್ನು ಊರಿನ ಸರಕಾರಿ ಶಾಲೆಯಲ್ಲೇ ಓದಿಸಬೇಕೋ, ಗದಗ-ಬೆಟಗೇರಿಗೆ ಕಳಿಸಬೇಕೋ? ಕೆಲವರು ಶಹರದಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಕೆಲವರು ಮಗುವನ್ನು ಸೋದರಮಾವನ ಮನೆಯಲ್ಲಿ ಬಿಟ್ಟು ಬರುತ್ತಾರೆ. ಶಹರದ ಶಾಲೆ ಎಂದರೆ ಒಳ್ಳೆಯದು, ಊರಿನ ಶಾಲೆ ಎಂದರೆ ಗತಿಯಿಲ್ಲದವರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ನಾಲ್ಕು ಊರು, ಮೂರು ಆಡಳಿತ

ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಸ್ವಾತಂತ್ರ್ಯ ಪೂರ್ವದಲ್ಲಿ ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿತ್ತು. ಎರಡೂ ಪಟವರ್ಧನ ಮನೆತನದ ಸಂಸ್ಥಾನಗಳು. ಅಲ್ಲಿಯ ದಫ್ತರಗಳಲ್ಲಿ ಮರಾಠಿಯ ಪ್ರಭಾವ ಹೆಚ್ಚು.

ಬ್ರಿಟಿಷ್ ಮುಂಬಯಿ ಪ್ರಾಂತದಲ್ಲಿ 1860ರ ದಶಕದಿಂದ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯ ಲೋಕಲ್ ಫಂಡ್ ಕರ ವಸೂಲಾಗುತ್ತಿತ್ತು. ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ ಸಲ್ಲುತ್ತಿತ್ತು. ಮರಾಠಿ ಶಾಲೆಗಳೇ ಮೆರೆಯುತ್ತಿದ್ದ ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ದುಡಿದರು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಶಾಲೆಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಸಂಸ್ಥಾನದ ಊರುಗಳಿಗೆ ಈ ಕಾಯ್ದೆಗಳು ಅನ್ವಯವಾಗುತ್ತಿರಲಿಲ್ಲ. ಅಲ್ಲಿ ಶಾಲೆಯ ಭಾಗ್ಯ ಸಂಸ್ಥಾನದ ಖಜಾನೆಯ ಮೇಲೆ ನಿಂತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಗದಗ ಜಿಲ್ಲೆಯಾಯಿತು.

ಗದಗ ಮುಂದಾದದ್ದು ಹೇಗೆ?

ಬಾಸೆಲ್ ಮಿಶನ್ 1841ರಲ್ಲೇ ಬೆಟಗೇರಿಯಲ್ಲಿ ಕೇಂದ್ರ ತೆರೆದು ಶಾಲೆ ನಡೆಸಿತು. 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ರೈಲಿನ ಜೊತೆಗೆ ಅರಳೆ ವ್ಯಾಪಾರ ಬೆಳೆಯಿತು. ಮುದ್ರಣಾಲಯ, ಹೈಸ್ಕೂಲು, ಕಾಲೇಜುಗಳು ಒಂದರ ಹಿಂದೊಂದು ಬಂದವು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ರೈಲು ಬರಲಿಲ್ಲ. ಹೀಗೆ ಶಹರದ ಶಾಲೆ ಮುಂದಾದದ್ದು ಅಲ್ಲಿಯ ಮಕ್ಕಳು ಜಾಣರೆಂದಲ್ಲ, ಹಣ ಮತ್ತು ದಾರಿ ಅಲ್ಲಿಗೆ ಮೊದಲು ತಲುಪಿದವೆಂದು.

ಹಾಗೆಂದು ಚಿಕ್ಕ ಊರುಗಳಿಗೆ ವಿದ್ಯೆಯ ಪರಂಪರೆ ಇರಲಿಲ್ಲವೆಂದು ತಿಳಿಯಬೇಡಿ. ಪುಲಿಗೆರೆ ಎಂಬುದು ಲಕ್ಷ್ಮೇಶ್ವರದ ಹಳೆಯ ಹೆಸರು. ತಿರುಳ್ಗನ್ನಡದ ನಾಡೆಂದು ಕವಿರಾಜಮಾರ್ಗವು ಹೆಸರಿಸುವ ಊರುಗಳಲ್ಲಿ ಅದೂ ಒಂದು. ಶಿರಹಟ್ಟಿಯ ಫಕೀರೇಶ್ವರ ಮಠವು ಬಿಜಾಪುರದ ಖ್ವಾಜಾ ಅಮೀನುದ್ದೀನರ ನೆನಪನ್ನು ಇಂದಿಗೂ ಕಾಪಾಡಿಕೊಂಡಿದೆ. ಲಕ್ಷ್ಮೇಶ್ವರಕ್ಕೆ ದೂರವಲ್ಲದ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫ ಸಾಹೇಬರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು.

ಉರ್ದು ಶಾಲೆ ಮತ್ತು ಏಳರ ನಂತರದ ಹಾದಿ

1882ರ ಹಂಟರ್ ಆಯೋಗವು ಮುಸ್ಲಿಮರ ಶಿಕ್ಷಣಕ್ಕೆ ವಿಶೇಷ ಪ್ರೋತ್ಸಾಹ ಬೇಕೆಂದಿತು. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಹಿಂದುಸ್ತಾನಿ ಮಾಧ್ಯಮವಿರಲಿ, ಆದರೆ ಸ್ಥಳೀಯ ಮುಸ್ಲಿಮರು ಬೇರೆ ಭಾಷೆ ಬಯಸಿದರೆ ಅದೇ ಇರಲಿ ಎಂಬುದು ಅದರ ಶಿಫಾರಸು. ಅಂದರೆ ಆಯ್ಕೆ ಪಾಲಕರದ್ದೇ ಆಗಿತ್ತು. ಇಂದಿಗೂ ಅದು ನಮ್ಮದೇ.

ಆದರೆ ಒಂದು ಕಷ್ಟವನ್ನು ಮರೆಯಬಾರದು. ಪ್ರಾಥಮಿಕ ಶಾಲೆ ಮನೆಯ ಹತ್ತಿರ ಬಂದಷ್ಟು ಬೇಗ ಹೈಸ್ಕೂಲು ಬರಲಿಲ್ಲ. ಉರ್ದು ಹೈಸ್ಕೂಲು ಹತ್ತಿರವಿಲ್ಲದ ಕಡೆ ಏಳನೆಯ ತರಗತಿ ಮುಗಿಸಿದ ಮಗು ಒಮ್ಮೆಲೇ ಕನ್ನಡ ಮಾಧ್ಯಮಕ್ಕೆ ಬರಬೇಕು. ವಿಜ್ಞಾನ, ಗಣಿತಗಳ ಹೊಸ ಶಬ್ದಗಳ ಮುಂದೆ ಅದು ತಬ್ಬಿಬ್ಬಾಗುತ್ತದೆ. ಗಂಡು ಮಗು ಗ್ಯಾರೇಜಿಗೋ ಅಂಗಡಿಗೋ ಹೋಗುತ್ತದೆ. ಹೆಣ್ಣು ಮಗು ಮನೆಯಲ್ಲಿ ಕೂರುತ್ತದೆ. ಊರಿನ ಶಾಲೆ ಕೆಟ್ಟದ್ದೆಂಬುದಕ್ಕಿಂತ ಈ ಮೆಟ್ಟಿಲು ದಾಟಲಾಗದ್ದೇ ನಮ್ಮ ಮಕ್ಕಳ ಓದು ನಿಲ್ಲಲು ದೊಡ್ಡ ಕಾರಣ.

ತೂಗಿ ನೋಡಿದರೆ

ಶಹರದಲ್ಲಿ ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಮಾಧ್ಯಮಗಳುಂಟು. ಹೈಸ್ಕೂಲಿನಿಂದ ಪದವಿಯವರೆಗೆ ಒಂದೇ ಊರಿನಲ್ಲಿ ಓದಬಹುದು. ಆದರೆ ಬಾಡಿಗೆ, ಆಟೋ, ಟ್ಯೂಶನ್‌ಗಳ ಖರ್ಚಿದೆ. ತಂದೆ ಊರಿನಲ್ಲಿ, ತಾಯಿ ಶಹರದಲ್ಲಿ ಎಂದು ಸಂಸಾರವೇ ಎರಡಾಗುವುದುಂಟು. ಊರಿನ ಶಾಲೆಗೆ ಮಗು ನಡೆದು ಹೋಗುತ್ತದೆ. ಮಾಸ್ತರರಿಗೆ ತಂದೆ-ತಾಯಿಯ ಪರಿಚಯವಿರುತ್ತದೆ. 2001ರಲ್ಲಿ ಬಂದ ಎಸ್‌ಡಿಎಂಸಿ ವ್ಯವಸ್ಥೆಯಿಂದ ಪಾಲಕರೇ ಶಾಲೆಯ ಲೆಕ್ಕ ಕೇಳಬಹುದು. ಆದರೆ ವಿಷಯ ಶಿಕ್ಷಕರ ಹುದ್ದೆ ಖಾಲಿಯಾದರೆ ಅಲ್ಲಿ ಬೇರೆ ದಾರಿ ಕಡಿಮೆ.

ಈ ಅಂತರವನ್ನು ತಗ್ಗಿಸುವ ಪ್ರಯತ್ನಗಳೂ ನಡೆದಿವೆ. ನಮ್ಮ ಭಾಗದ ಶಾಲೆಗಳಿಗೆ ಬಿಸಿಯೂಟ 2003ರಲ್ಲಿ ಬಂತು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವುದು ಆರಂಭವಾದಾಗ ಹಳ್ಳಿಯ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. 2007ರಿಂದ ಸರಕಾರಿ ಶಾಲೆಯ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಯಿತು. 2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಅಲ್ಲಿಯ ಸೀಟುಗಳಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಈ ಲಾಭ ಸಿಗುತ್ತದೆ. ಹಳ್ಳಿಯ ಪಾಲಕರು ಆ ವಯಸ್ಸಿನ ಮಗುವನ್ನು ಅವಸರದಿಂದ ಶಹರಕ್ಕೆ ಸೇರಿಸಿದರೆ ಇದನ್ನು ಕೈಯಾರೆ ಕಳೆದುಕೊಂಡಂತೆ.

ನಾವು ಮಾಡಬೇಕಾದದ್ದು

ಏಳನೆಯವರೆಗೆ ಊರಿನ ಶಾಲೆಯನ್ನೇ ಗಟ್ಟಿ ಮಾಡಿಕೊಳ್ಳುವುದು ಬಹುತೇಕ ಕುಟುಂಬಗಳಿಗೆ ಹಿತಕರವೆಂದು ನನ್ನ ಅಭಿಪ್ರಾಯ. ಅದಕ್ಕಾಗಿ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿರಿ. ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಬಿಇಓ ಅವರಿಗೆ ಅರ್ಜಿ ಕೊಡಿರಿ. ಉರ್ದು ಶಾಲೆಯ ಮಗುವಿಗೆ ಮೊದಲಿನಿಂದಲೇ ಕನ್ನಡವನ್ನು ಚೆನ್ನಾಗಿ ಓದಿಸಿರಿ. ಉರ್ದು ನಮ್ಮ ಮನೆಯ ಸಂಪತ್ತು, ಕನ್ನಡ ನಮ್ಮ ನೆಲದ ಸಂಪತ್ತು. ಎರಡೂ ಬಲ್ಲ ಮಗುವಿಗೆ ಎಂಟನೆಯ ತರಗತಿ ಗೋಡೆಯಾಗದು. ಎಂಟರ ನಂತರ ಶಹರಕ್ಕೆ ಹೋಗಬೇಕಾಗಿ ಬಂದರೆ ಹೆಣ್ಣು ಮಗುವನ್ನೂ ಕಳಿಸಿರಿ. ಮನೆ ಮಾಡಲು ಆಗದವರಿಗೆ ವಸತಿ, ಬಸ್ ಪಾಸ್, ವಿದ್ಯಾರ್ಥಿವೇತನಗಳ ವ್ಯವಸ್ಥೆಗೆ ನೆರವಾಗುವುದು ನಮ್ಮಂಥ ಸಂಸ್ಥೆಗಳ ಕರ್ತವ್ಯ.

ವಿದ್ಯಾರ್ಥಿ ಮಿತ್ರರೇ, ಓದೆಂಬ ಆಜ್ಞೆಯಿಂದಲೇ ದಿವ್ಯವಾಣಿ ಆರಂಭವಾಯಿತೆಂಬುದು ನಿಮಗೆ ಗೊತ್ತು. ಆ ಆಜ್ಞೆ ಶಹರದವರಿಗೆ ಬೇರೆ, ಊರಿನವರಿಗೆ ಬೇರೆ ಇಲ್ಲ, ಗಂಡಿಗೆ ಬೇರೆ, ಹೆಣ್ಣಿಗೆ ಬೇರೆಯೂ ಇಲ್ಲ. ನಮ್ಮ ಮಕ್ಕಳೆಲ್ಲರಿಗೂ ಅಲ್ಲಾಹನು ಉಪಯುಕ್ತ ವಿದ್ಯೆಯನ್ನು ದಯಪಾಲಿಸಲಿ. ಆಮೀನ್.