ಫಿಕ್ಸೆಡ್ ಗೇರ್ ಸೈಕಲ್ಲಿನ ಹಳೆಯ ಕ್ರ್ಯಾಂಕ್‌ಗಳು: ಬಾಳಿಕೆ ಮತ್ತು ಆಯ್ಕೆ

ಪೆಡಲ್ ಮೇಲೆ ಬಿದ್ದ ಕಾಲಿನ ಬಲವನ್ನು ನಡುವಿನ ಅಚ್ಚಿಗೂ ಚೈನ್ ವೀಲಿಗೂ ಮುಟ್ಟಿಸುವ ತೋಳೇ ಕ್ರ್ಯಾಂಕ್. ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ ಫ್ರೀ ವೀಲ್ ಇರುವುದಿಲ್ಲ. ಹಿಂದಿನ ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ತಿರುಗುವ ಪೆಡಲನ್ನು ಕಾಲಿನಿಂದ ತಡೆದರೆ ವೇಗ ತಗ್ಗುತ್ತದೆ. ವೆಲೊಡ್ರೋಮ್ ಪಂದ್ಯಗಳ ಈ ಬಗೆಯ ಸೈಕಲ್ಲನ್ನು 1930ರಿಂದ 1950ರ ದಶಕಗಳಲ್ಲಿ ಬ್ರಿಟನ್ನಿನ ಕ್ಲಬ್ ಸವಾರರು ಚಳಿಗಾಲದ ಅಭ್ಯಾಸಕ್ಕೂ ಟೈಮ್ ಟ್ರಯಲ್‌ಗೂ ರಸ್ತೆಯ ಮೇಲೆಯೇ ಓಡಿಸುತ್ತಿದ್ದರು. ಮುಂದೆ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಕೊರಿಯರ್ ಸವಾರರು ಇದನ್ನು ನೆಚ್ಚಿಕೊಂಡರು. 2000ದ ದಶಕದಲ್ಲಿ ಹಲವು ದೇಶಗಳ ನಗರಗಳಲ್ಲಿ ಇದರ ಹುಚ್ಚು ಹಬ್ಬಿದಾಗ, ಹಳೆಯ ಫ್ರೇಮಿಗೆ ಹಳೆಯ ಕ್ರ್ಯಾಂಕನ್ನೇ ಹುಡುಕಿ ಕೂರಿಸುವ ರೂಢಿಯೂ ಬಲವಾಯಿತು.

ಹೀಗೆ ಹುಡುಕುವಾಗ ಜನ ಮೊದಲು ನೋಡುವುದು ಕಂಪನಿಯ ಹೆಸರು ಮತ್ತು ಹೊಳಪು. ಬಾಳಿಕೆಯನ್ನು ತೀರ್ಮಾನಿಸುವುದು ಅವೆರಡೂ ಅಲ್ಲ. ಕ್ರ್ಯಾಂಕಿನಲ್ಲಿ ಮೂರು ಸಂದುಗಳಿವೆ: ಅಚ್ಚನ್ನು ಕಚ್ಚುವ ತೂತು, ಚೈನ್ ವೀಲ್ ಹೊರುವ ಸ್ಪೈಡರಿನ ಬುಡ, ಪೆಡಲ್ ತಿರುಚುವ ತೂತು. ಈ ಮೂರು ಕಡೆ ಲೋಹ ಹೇಗಿದೆ, ಹಿಂದಿನ ಒಡೆಯ ಅದನ್ನು ಹೇಗೆ ಬಳಸಿದ್ದ ಎಂಬುದರ ಮೇಲೆ ಅದರ ಆಯುಸ್ಸು ನಿಂತಿದೆ.

ಹೊರೆ ಬೀಳುವ ಬಗೆ

ಸಾಮಾನ್ಯ ಸೈಕಲ್ಲಿನಲ್ಲಿ ಕ್ರ್ಯಾಂಕಿನ ಮೇಲಿನ ತಿರುಚು ಒಂದೇ ದಿಕ್ಕಿನದು. ಕಾಲು ಬಿಟ್ಟರೆ ಹೊರೆ ಇಳಿಯುತ್ತದೆ, ಅಷ್ಟೇ. ಫಿಕ್ಸೆಡ್ ಗೇರಿನಲ್ಲಿ ಇಳಿಜಾರಿನಲ್ಲಿ ತಡೆಯುವಾಗ, ಸಿಗ್ನಲ್ ಮುಂದೆ ನಿಲ್ಲಿಸುವಾಗ, ಹಿಂದಿನ ಚಕ್ರವನ್ನು ಬಿಗಿಹಿಡಿದು ಜಾರಿಸುವಾಗ ತಿರುಚು ಹಿಂದುಮುಂದಾಗುತ್ತದೆ. ಸಂದಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಪ್ರತಿ ತಿರುವುಮುರುವಿನಲ್ಲಿ ಲೋಹ ಲೋಹಕ್ಕೆ ಬಡಿಯುತ್ತದೆ. ಮಾಮೂಲಿ ಸೈಕಲ್ಲಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಸಡಿಲ ಇಲ್ಲಿ ಬೇಗ ಬೆಳೆದು ತೂತನ್ನೇ ಕೆಡಿಸುತ್ತದೆ.

ಲೋಹದ ಸ್ವಭಾವವನ್ನೂ ಗಮನಿಸಬೇಕು. ಉಕ್ಕಿಗೆ ಒಂದು ತಾಳಿಕೆಯ ಮಿತಿ ಇದೆ; ಹೊರೆ ಅದಕ್ಕಿಂತ ಕೆಳಗಿದ್ದರೆ ಎಷ್ಟೇ ಸಲ ಬಿದ್ದರೂ ಉಕ್ಕು ದಣಿಯುವುದಿಲ್ಲವೆಂದು ಹೇಳಬಹುದು. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಹೊರೆಯೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಕ್ರ್ಯಾಂಕಿನ ವಯಸ್ಸನ್ನು ವರ್ಷಗಳಲ್ಲಿ ಎಣಿಸಿ ಪ್ರಯೋಜನವಿಲ್ಲ. ಐವತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಕ್ರ್ಯಾಂಕ್, ಹತ್ತೇ ವರ್ಷ ಪಂದ್ಯಗಳಲ್ಲಿ ದುಡಿದ ಕ್ರ್ಯಾಂಕಿಗಿಂತ ಹೊಸದು.

ಉಕ್ಕಿನ ಕಾಟರ್ ಕ್ರ್ಯಾಂಕ್

ದುಂಡನೆಯ ಅಚ್ಚಿಗೆ ಒಂದು ಪಕ್ಕ ಕೊರೆದು, ಅದರ ಮೇಲೆ ಬೆಣೆಯಂಥ ಪಿನ್ನನ್ನು ನೂಕಿ ಕ್ರ್ಯಾಂಕನ್ನು ಬಂಧಿಸುವ ಪದ್ಧತಿ ಇದು. ಬ್ರಿಟನ್ನಿನ ಚೇಟರ್-ಲೀ, ಬಿಎಸ್ಎ, ವಿಲಿಯಮ್ಸ್ ಕಂಪನಿಗಳ ತೆಳ್ಳನೆಯ ಉಕ್ಕಿನ ಕ್ರ್ಯಾಂಕ್‌ಗಳು ಇಂದಿಗೂ ನೋಡಲು ಚೆಂದ, ಸವಾರಿಗೂ ಗಟ್ಟಿ. ಭಾರತದ ಓದುಗರಿಗೆ ಈ ಪದ್ಧತಿ ಅಪರಿಚಿತವಲ್ಲ. ಲೂಧಿಯಾನದಲ್ಲಿ ತಯಾರಾಗುವ ಕಪ್ಪು ರೋಡ್‌ಸ್ಟರ್ ಸೈಕಲ್‌ಗಳಲ್ಲಿ ಬಹುಕಾಲದಿಂದ ಇರುವುದು ಇದೇ ಕಾಟರ್ ಪಿನ್. ಕರ್ನಾಟಕದ ಯಾವ ಊರಿನ ಸೈಕಲ್ ಶಾಪಿನಲ್ಲೂ ಪಿನ್ ಬದಲಿಸುವ ಕೆಲಸ ಗೊತ್ತು.

ಇಲ್ಲಿ ಸೋಲುವುದು ಕ್ರ್ಯಾಂಕಲ್ಲ, ಪಿನ್. ಪಿನ್ನಿನ ಇಳಿಜಾರು ಮುಖ ಅಚ್ಚಿನ ಚಪ್ಪಟೆ ಭಾಗಕ್ಕೆ ಪೂರ್ತಿ ಅಂಟಿ ಕೂರದಿದ್ದರೆ, ಹಿಂದುಮುಂದಿನ ಹೊರೆಗೆ ಅದು ನಜ್ಜುಗುಜ್ಜಾಗಿ ಪ್ರತಿ ಸುತ್ತಿಗೂ ‘ಟಕ್’ ಎನ್ನತೊಡಗುತ್ತದೆ. ಈಗ ಸಿಗುವ ಅಗ್ಗದ ಪಿನ್ನುಗಳ ಉಕ್ಕು ಮೆತ್ತಗೆ. ಫಿಕ್ಸೆಡ್ ಗೇರಿಗೆ ಅವು ಸಾಲವು. ಬ್ರಿಟಿಷ್ ಕ್ರ್ಯಾಂಕ್‌ಗಳಿಗೆ ಸಾಮಾನ್ಯವಾಗಿ 9.5 ಮಿ.ಮೀ. ಪಿನ್ ಬೇಕು, ಯುರೋಪಿನ ಹಲವು ಕ್ರ್ಯಾಂಕ್‌ಗಳಿಗೆ 9 ಮಿ.ಮೀ. ಪಿನ್ನಿನ ಮುಖವನ್ನು ಅರದಿಂದ ಉಜ್ಜಿ ಹೊಂದಿಸಿ, ಸುತ್ತಿಗೆಯ ಬದಲು ಪ್ರೆಸ್ಸಿನಿಂದ ಒತ್ತಿ ಕೂರಿಸಿದರೆ ಬಹುಕಾಲ ಅಲುಗುವುದಿಲ್ಲ. ಸುತ್ತಿಗೆ ಏಟು ಬೇರಿಂಗಿನ ಗುಂಡುಗಳಿಗೂ ಕಪ್ಪಿಗೂ ತಾಗಿ ಅಲ್ಲಿ ಗುಳಿ ಬೀಳಿಸುತ್ತದೆ. ಎಡ ಬಲ ಪಿನ್ನುಗಳನ್ನು ಪರಸ್ಪರ ಎದುರು ದಿಕ್ಕಿನಿಂದ ಹಾಕಬೇಕು, ಇಲ್ಲವಾದರೆ ಎರಡು ಕ್ರ್ಯಾಂಕ್‌ಗಳು ಒಂದೇ ನೇರದಲ್ಲಿ ಬರುವುದಿಲ್ಲ.

ಹಳೆಯ ಬ್ರಿಟಿಷ್ ಟ್ರ್ಯಾಕ್ ಚೈನ್ ವೀಲ್‌ಗಳಲ್ಲಿ ಕೆಲವು ಒಂದು ಅಂಗುಲ ಅಂತರದ ಚೈನಿಗೆ ಮಾಡಿದವು. ಇಂದಿನ ಎಲ್ಲ ಮಾಮೂಲಿ ಚೈನ್‌ಗಳು ಅರ್ಧ ಅಂಗುಲದವು. ಹಲ್ಲುಗಳ ನಡುವೆ ಎದ್ದು ಕಾಣುವಷ್ಟು ಅಗಲದ ಜಾಗ ಇದ್ದರೆ ಅಳತೆ ಮಾಡದೆ ಕೊಳ್ಳಬಾರದು.

ಅಮೆರಿಕದ ಶ್ವಿನ್ ಸೈಕಲ್‌ಗಳಲ್ಲಿ ಕಾಣುವ, ಎರಡೂ ತೋಳು ಮತ್ತು ಅಚ್ಚು ಒಂದೇ ಉಕ್ಕಿನ ತುಂಡಾದ ಕ್ರ್ಯಾಂಕ್ ಇವೆಲ್ಲಕ್ಕಿಂತ ಗಟ್ಟಿಮುಟ್ಟು. ಆದರೆ ಅದಕ್ಕೆ ಅಗಲ ಬಾಯಿಯ ಫ್ರೇಮೇ ಆಗಬೇಕು, ಪೆಡಲಿನ ಥ್ರೆಡ್ಡೂ ಅರ್ಧ ಅಂಗುಲದ್ದು.

ಅಲ್ಯೂಮಿನಿಯಂ ಕ್ರ್ಯಾಂಕ್

ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಸ್ಟ್ರಾಂಗ್‌ಲೈಟ್ ಕಂಪನಿ 1930ರ ದಶಕದಲ್ಲಿ ಪಿನ್ನಿಲ್ಲದ ಕ್ರ್ಯಾಂಕನ್ನು ಮಾರುಕಟ್ಟೆಗೆ ತಂದಿತು. ಅಚ್ಚಿನ ತುದಿ ಚೌಕಾಕಾರವಾಗಿದ್ದು ಹೊರಗೆ ಹೋದಂತೆ ಕಿರಿದಾಗುತ್ತದೆ. ಬೋಲ್ಟ್ ಬಿಗಿದಾಗ ಕ್ರ್ಯಾಂಕ್ ಅದರ ಮೇಲೆ ಏರಿ ಕಚ್ಚಿಕೊಳ್ಳುತ್ತದೆ. ಇದೇ ಮುಂದಿನ ಅರ್ಧ ಶತಮಾನ ಒಳ್ಳೆಯ ಸೈಕಲ್‌ಗಳ ಪದ್ಧತಿಯಾಯಿತು. ಸ್ಟ್ರಾಂಗ್‌ಲೈಟ್‌ನ 49ಡಿ ಮಾದರಿ, ಅದರ ಅಳತೆಗೇ ಹೊಂದುವ ಟಿಎ ಕಂಪನಿಯ ಕ್ರ್ಯಾಂಕ್ ಇಂದಿಗೂ ಕೈಗೆ ಸಿಗುತ್ತವೆ. ಇವುಗಳಲ್ಲಿ ಚೈನ್ ವೀಲನ್ನು ಹಿಡಿಯುವ ಐದು ಬೋಲ್ಟುಗಳ ವೃತ್ತ ಕೇವಲ 50.4 ಮಿ.ಮೀ. ವ್ಯಾಸದ್ದು. ದೊಡ್ಡ ಚೈನ್ ವೀಲ್ ಹಾಕಿ ಜೋರಾಗಿ ತುಳಿಯುವವರಿಗೂ ತಡೆದು ನಿಲ್ಲಿಸುವವರಿಗೂ ಇದು ಹೇಳಿಸಿದ್ದಲ್ಲ. ಚೈನ್ ವೀಲ್ ಬಳುಕುತ್ತದೆ. ಪ್ರವಾಸದ ಸೈಕಲ್ಲಿಗೆ ಇವು ಅತ್ಯುತ್ತಮ, ಫಿಕ್ಸೆಡ್ ಗೇರಿಗೆ ಎರಡನೆಯ ಆಯ್ಕೆ.

ಇಟಲಿಯ ವಿಚೆಂಜಾದ ಕಂಪಾನ್ಯೋಲೊ 1958ರಲ್ಲಿ ರೆಕಾರ್ಡ್ ಕ್ರ್ಯಾಂಕನ್ನು ಹೊರತಂದಿತು. ಮೊದಲಿಗೆ 151 ಮಿ.ಮೀ. ಇದ್ದ ಬೋಲ್ಟ್ ವೃತ್ತ 1960ರ ದಶಕದ ಉತ್ತರಾರ್ಧದಲ್ಲಿ ರಸ್ತೆ ಮಾದರಿಯಲ್ಲಿ 144ಕ್ಕೆ ಇಳಿಯಿತು. 144 ಮಿ.ಮೀ. ಚೈನ್ ವೀಲ್‌ಗಳನ್ನು ಟ್ರ್ಯಾಕ್ ಸೈಕಲ್ಲಿಗೆಂದು ಇವತ್ತಿಗೂ ತಯಾರಿಸುತ್ತಾರೆ. 151ರವು ಸಿಗುವುದೇ ಕಷ್ಟ. ಈ ಒಂದು ಕಾರಣಕ್ಕೇ ಮೊದಲ ಸಾಲಿನ ರೆಕಾರ್ಡನ್ನು ಸಂಗ್ರಹಕಾರರಿಗೆ ಬಿಡುವುದು ಲೇಸು. ರಸ್ತೆಯ ರೆಕಾರ್ಡ್ ಕ್ರ್ಯಾಂಕಿಗೆ ಎಲ್ಲರೂ ಬಲ್ಲ ಒಂದು ದೋಷವಿದೆ. ಬಲಗಡೆಯ ತೋಳಿಗೂ ಅದರ ಪಕ್ಕದ ಸ್ಪೈಡರ್ ಕೈಗೂ ನಡುವಿನ ಮೂಲೆ ಚೂಪಾಗಿದ್ದು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಬಿರುಕು ಬೀಳುವ ಮೊದಲೇ ಆ ಮೂಲೆಯನ್ನು ಸಣ್ಣ ಅರದಿಂದ ದುಂಡಗೆ ಮಾಡಿ ನುಣುಪುಗೊಳಿಸುವುದನ್ನು ಅನುಭವಿಗಳು ಮೊದಲಿಂದಲೂ ಮಾಡುತ್ತ ಬಂದಿದ್ದಾರೆ. 1970ರ ದಶಕದಲ್ಲಿ ತೂಕ ಇಳಿಸಲೆಂದು ಕ್ರ್ಯಾಂಕ್ ತೋಳಿಗೆ ತೂತು ಕೊರೆಯುವ, ಉದ್ದಕ್ಕೆ ಸೀಳುವ ಶೋಕಿ ಇತ್ತು. ಅಂಥವು ಗೋಡೆಯ ಮೇಲೆ ನೇತುಹಾಕಲು ಮಾತ್ರ ಯೋಗ್ಯ.

ಬಾಳಿಕೆಯ ದೃಷ್ಟಿಯಿಂದ ನೋಡಿದರೆ 1970 ಮತ್ತು 80ರ ದಶಕಗಳ ಜಪಾನಿನ ಕ್ರ್ಯಾಂಕ್‌ಗಳೇ ಮೇಲು. ಜಪಾನಿನಲ್ಲಿ 1948ರಲ್ಲಿ ಕೊಕುರಾ ಪಟ್ಟಣದಿಂದ ಶುರುವಾದ ಕೈರಿನ್ ಪಂದ್ಯಗಳ ಮೇಲೆ ಜನ ಹಣ ಕಟ್ಟುತ್ತಾರೆ; ಬಿಡಿಭಾಗ ಮುರಿದು ಫಲಿತಾಂಶ ಕೆಡುವಂತಿಲ್ಲ, ಸಲಕರಣೆಯ ಬಲದಿಂದ ಯಾರಿಗೂ ಮೇಲುಗೈ ಸಿಗುವಂತಿಲ್ಲ. ಹೀಗಾಗಿ ಅಲ್ಲಿ ಅನುಮೋದನೆ ಪಡೆದ ಭಾಗಗಳಿಗೆ ಎನ್‌ಜೆಎಸ್ ಮುದ್ರೆ ಬೀಳುತ್ತದೆ. ಸುಗಿನೊ 75, ಶಿಮಾನೊ ಡ್ಯೂರಾ-ಏಸ್ ಟ್ರ್ಯಾಕ್ ಕ್ರ್ಯಾಂಕ್‌ಗಳು ಈ ಮುದ್ರೆಯವು: 144 ಮಿ.ಮೀ. ವೃತ್ತ, 165 ಮಿ.ಮೀ. ಆಸುಪಾಸಿನ ಉದ್ದ, ದಪ್ಪ ಬುಡ. ಮುದ್ರೆಯ ಮೋಹದಿಂದ ಬೆಲೆ ಏರಿರುವುದು ನಿಜ. ಅಷ್ಟು ಕೊಡಲಾಗದವರಿಗೆ ಸುಗಿನೊ, ಸನ್‌ಟೂರ್, ಶಿಮಾನೊ 600 ಮುಂತಾದ ರಸ್ತೆ ಕ್ರ್ಯಾಂಕ್‌ಗಳಿವೆ. ಇವು ಫೋರ್ಜ್ ಮಾಡಿದವು, 110 ಅಥವಾ 130 ಮಿ.ಮೀ. ವೃತ್ತವಿದ್ದರೆ ಚೈನ್ ವೀಲ್ ಧಾರಾಳವಾಗಿ ಸಿಗುತ್ತದೆ, ಬೆಲೆಯೂ ಕಂಪಾನ್ಯೋಲೊದ ಹತ್ತಿರ ಸುಳಿಯುವುದಿಲ್ಲ. ದಿನವೂ ಓಡಿಸುವ ಸೈಕಲ್ಲಿಗೆ ಇದಕ್ಕಿಂತ ಬುದ್ಧಿವಂತ ಆಯ್ಕೆ ಇಲ್ಲ.

ಜಪಾನಿನ ಹಳೆಯ ಸರಕಿನಲ್ಲೂ ಎರಡು ಬಲೆಗಳಿವೆ. 1970ರ ದಶಕದ ಕೊನೆಯಲ್ಲಿ ಶಿಮಾನೊ 10 ಮಿ.ಮೀ. ಅಂತರದ ಚೈನ್‌ಗಾಗಿ ಟ್ರ್ಯಾಕ್ ಭಾಗಗಳನ್ನು ಮಾಡಿತು. ಅದಕ್ಕೆ ಸಾಮಾನ್ಯ ಚೈನ್ ಕೂರುವುದಿಲ್ಲ. 1980ರ ದಶಕದ ಆರಂಭದ ಡ್ಯೂರಾ-ಏಸ್ ಎಎಕ್ಸ್ ಕ್ರ್ಯಾಂಕಿನ ಪೆಡಲ್ ತೂತು ಒಂದು ಅಂಗುಲ ಅಗಲದ್ದು. ಬೇರೆ ಪೆಡಲ್ ನೇರವಾಗಿ ಹಿಡಿಸದು.

ಯಾವ ದೇಶದ್ದಾದರೂ ಸರಿ, ಒಂದು ಬಗೆಯನ್ನು ಮಾತ್ರ ಫಿಕ್ಸೆಡ್ ಗೇರಿಗೆ ಹಾಕಲೇಬಾರದು: ಸ್ಪೈಡರನ್ನು ಬೇರೆಯಾಗಿ ಮಾಡಿ ಬಲ ತೋಳಿನ ಬುಡಕ್ಕೆ ಒತ್ತಿ ಸಿಕ್ಕಿಸಿದ ಅಗ್ಗದ ಕ್ರ್ಯಾಂಕ್. ಒಂದೇ ದಿಕ್ಕಿನ ಹೊರೆಗೆ ಅದು ತಡೆದೀತು. ಹಿಂದುಮುಂದು ತಿರುಚಿದರೆ ಒತ್ತಿದ ಸಂದು ಬಿಟ್ಟುಕೊಳ್ಳುತ್ತದೆ, ತಡೆಯಲು ಕಾಲೊತ್ತಿದಾಗ ತೋಳು ನಿಂತು ಚೈನ್ ವೀಲ್ ಮಾತ್ರ ತಿರುಗಬಹುದು. ಬ್ರೇಕ್ ಇಲ್ಲದ ಸೈಕಲ್ಲಿನಲ್ಲಿ ಅದರರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕ್ರ್ಯಾಂಕನ್ನು ತಿರುಗಿಸಿ ಹಿಂಬದಿ ನೋಡಿದರೆ ತೋಳೂ ಸ್ಪೈಡರೂ ಒಂದೇ ತುಂಡೋ, ನಡುವೆ ಸುತ್ತ ಗೆರೆಯಿದೆಯೋ ತಿಳಿಯುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಜಿಡ್ಡು ತೊಳೆಯದ ಕ್ರ್ಯಾಂಕನ್ನು ಪರೀಕ್ಷಿಸಿ ಫಲವಿಲ್ಲ. ಸೀಮೆಎಣ್ಣೆಯಲ್ಲಿ ತಿಕ್ಕಿ ಒಣಗಿಸಿ, ಭೂತಗನ್ನಡಿ ಹಿಡಿದು ಸ್ಪೈಡರಿನ ಮೂಲೆಗಳನ್ನೂ ಚೌಕ ತೂತಿನ ನಾಲ್ಕು ಮೂಲೆಗಳನ್ನೂ ಪೆಡಲ್ ತೂತಿನ ಸುತ್ತನ್ನೂ ನೋಡಬೇಕು. ಗೀರು ಉಗುರಿಗೆ ತಾಗಿದರೆ, ಅಥವಾ ಒರೆಸಿದ ಮೇಲೂ ಕಪ್ಪು ಗೆರೆಯಾಗಿ ಮತ್ತೆ ಮೂಡಿದರೆ ಬಿರುಕೆಂದೇ ತಿಳಿಯಬೇಕು. ಸಂಶಯವಿದ್ದರೆ ವರ್ಕ್‌ಶಾಪ್‌ಗಳಲ್ಲಿ ಬಳಸುವ ಕೆಂಪು ಬಣ್ಣದ ಡೈ ಪರೀಕ್ಷೆ ಮಾಡಿಸಬಹುದು: ಬಣ್ಣ ಬಿರುಕಿನೊಳಗೆ ಇಳಿಯುತ್ತದೆ, ಮೇಲೆ ಬಿಳಿ ಪುಡಿ ಹೊಡೆದಾಗ ಗೆರೆ ಕೆಂಪಾಗಿ ಎದ್ದುಬರುತ್ತದೆ.

ಪೆಡಲ್ ತೂತಿನಲ್ಲಿ ಬಿರುಕು ಏಕೆ ಬೀಳುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ ವಿವರವಾಗಿ ಬರೆದಿದ್ದಾರೆ. ಕ್ರ್ಯಾಂಕ್ ಸುತ್ತಿದಂತೆ ಪೆಡಲಿನ ಹೊರೆಯ ದಿಕ್ಕೂ ತೂತಿನೊಳಗೆ ಸುತ್ತುತ್ತದೆ. ಎಷ್ಟು ಬಿಗಿದರೂ ಪೆಡಲಿನ ಭುಜ ಕ್ರ್ಯಾಂಕಿನ ಮುಖದ ಮೇಲೆ ಸೂಕ್ಷ್ಮವಾಗಿ ಉಜ್ಜಿ ಅಲ್ಲಿ ಗಾಯ ಮಾಡುತ್ತದೆ, ಆ ಗಾಯದಿಂದ ಬಿರುಕು ಹೊರಡುತ್ತದೆ. ಎಡ ಪೆಡಲಿಗೆ ಎಡ ಥ್ರೆಡ್ ಇರುವುದಕ್ಕೂ ಇದೇ ಚಲನೆ ಕಾರಣ. ಕ್ರ್ಯಾಂಕಿನ ಆ ಮುಖದಲ್ಲಿ ಆಳವಾದ ಉಂಗುರದ ಗುರುತು ಕಂಡರೆ ಬೇರೆ ಕ್ರ್ಯಾಂಕ್ ನೋಡುವುದು ಒಳ್ಳೆಯದು. ಹೊಸದಾಗಿ ಜೋಡಿಸುವಾಗ ತೆಳು ಉಕ್ಕಿನ ವಾಷರ್ ಹಾಕಿದರೆ ಉಜ್ಜುವುದು ಕಡಿಮೆಯಾಗುತ್ತದೆ.

ಚೌಕ ತೂತಿನ ಪರೀಕ್ಷೆಗೆ ಅಚ್ಚಿನ ತುಂಡೊಂದನ್ನು ಜೊತೆಗೆ ಒಯ್ಯುವುದು ಉತ್ತಮ. ಕ್ರ್ಯಾಂಕನ್ನು ಬಿಗಿದಾಗ ಅಚ್ಚಿನ ತುದಿ ಬೋಲ್ಟ್ ಕೂರುವ ಮುಖಕ್ಕಿಂತ ಒಂದೆರಡು ಮಿ.ಮೀ. ಒಳಗೇ ಉಳಿಯಬೇಕು. ತುದಿ ಹೊರಮುಖಕ್ಕೆ ಸಮನಾಗಿ ಬಂದರೆ ಬೋಲ್ಟ್ ಅಚ್ಚನ್ನು ಒತ್ತುತ್ತದೆಯೇ ಹೊರತು ಕ್ರ್ಯಾಂಕನ್ನು ಬಿಗಿಯುವುದಿಲ್ಲ. ಅಂದರೆ ತೂತು ಆಗಲೇ ಸವೆದು ಹಿಗ್ಗಿದೆ.

ಥ್ರೆಡ್‌ಗಳ ಅಳತೆ ಮುಖ್ಯ. ಕ್ರ್ಯಾಂಕ್ ಕೀಳುವ ಪುಲ್ಲರ್‌ಗೆ ಸಾಮಾನ್ಯವಾಗಿ 22 ಮಿ.ಮೀ. ಥ್ರೆಡ್ ಬೇಕು, ಟಿಎಗೆ 23, ಹಳೆಯ ಸ್ಟ್ರಾಂಗ್‌ಲೈಟಿಗೆ 23.35. ತಪ್ಪು ಪುಲ್ಲರ್ ತಿರುಚಿ ಥ್ರೆಡ್ ಕಿತ್ತುಹೋದ ಕ್ರ್ಯಾಂಕ್‌ಗಳು ಬೇಕಾದಷ್ಟಿವೆ. ಫ್ರೆಂಚ್ ಪೆಡಲಿನ ಥ್ರೆಡ್ 14 ಮಿ.ಮೀ., ಉಳಿದ ಹೆಚ್ಚಿನವರದು 9/16 ಅಂಗುಲ.

ಉದ್ದ ಮತ್ತು ಜೋಡಣೆ

ತಿರುವಿನಲ್ಲಿ ಪೆಡಲ್ ನಿಲ್ಲಿಸಲಾಗದ ಕಾರಣ ಉದ್ದ ಕ್ರ್ಯಾಂಕ್ ನೆಲಕ್ಕೆ ತಾಗುವ ಅಪಾಯವಿದೆ. ಟ್ರ್ಯಾಕ್ ಫ್ರೇಮಿನಲ್ಲಿ ನಡುವಿನ ಅಚ್ಚು ಎತ್ತರದಲ್ಲಿರುತ್ತದೆ. ಹಳೆಯ ರಸ್ತೆ ಫ್ರೇಮಿನಲ್ಲಿ ಹಾಗಿಲ್ಲ. ಆದ್ದರಿಂದ ಅಲ್ಲಿ 165 ಮಿ.ಮೀ. ಕ್ಷೇಮ, 170 ನಡೆದೀತು, 175 ಬೇಡ. ನೆಲಕ್ಕೆ ಬಡಿದು ಬಾಗಿದ ತೋಳನ್ನು ನೆಟ್ಟಗೆ ಮಾಡುವುದು ಉಕ್ಕಿನದಾದರೆ ಸಾಧ್ಯ, ಅಲ್ಯೂಮಿನಿಯಂ ಆದರೆ ಕೂಡದು.

ಚೌಕ ತುದಿಯ ಅಚ್ಚಿನಲ್ಲಿ ಎರಡು ಅಳತೆಗಳಿವೆ: ಇಟಲಿಯವರ ಐಎಸ್ಒ, ಜಪಾನಿನ ಜೆಐಎಸ್. ಎರಡರ ಇಳಿಜಾರೂ ಒಂದೇ, ತುದಿಯ ಗಾತ್ರ ಬೇರೆ. ಜೆಐಎಸ್ ಕ್ರ್ಯಾಂಕನ್ನು ಐಎಸ್ಒ ಅಚ್ಚಿಗೆ ಹಾಕಿದರೆ ಸುಮಾರು 4.5 ಮಿ.ಮೀ. ಹೆಚ್ಚು ಒಳಕ್ಕೆ ಹೋಗುತ್ತದೆ, ಅದಲುಬದಲಾದರೆ ಅಷ್ಟೇ ಹೊರಗೆ ನಿಲ್ಲುತ್ತದೆ. ಹಿಂದುಮುಂದಿನ ಹೊರೆಯಿರುವ ಕಡೆ ಇಂಥ ಅರೆಬರೆ ಹಿಡಿತ ತರವಲ್ಲ. ಬೋಲ್ಟನ್ನು 35ರಿಂದ 40 ನ್ಯೂಟನ್ ಮೀಟರಿನಷ್ಟು ಬಿಗಿಯಬೇಕು. ಕೈ ಅಂದಾಜಿಗಿಂತ ಟಾರ್ಕ್ ವ್ರೆಂಚ್ ನಂಬಿಕೆಗೆ ಅರ್ಹ.

ಟ್ರ್ಯಾಕ್ ಹಬ್ಬಿನ ಚೈನ್ ಸಾಲು ಫ್ರೇಮಿನ ನಡುಗೆರೆಯಿಂದ ಸುಮಾರು 42 ಮಿ.ಮೀ. ರಸ್ತೆಯ ಎರಡು ಚೈನ್ ವೀಲ್ ಕ್ರ್ಯಾಂಕಿನಲ್ಲಿ ಒಳಗಿನದು ಇದಕ್ಕೆ ಹತ್ತಿರ, ಹೊರಗಿನದು ನಾಲ್ಕೈದು ಮಿ.ಮೀ. ಆಚೆ. ಹಾಗಾಗಿ ಒಂಟಿ ಚೈನ್ ವೀಲನ್ನು ಸ್ಪೈಡರಿನ ಒಳಮಗ್ಗುಲಲ್ಲಿ ಕೂರಿಸಿ ಗಿಡ್ಡ ಬೋಲ್ಟ್ ಹಾಕುತ್ತಾರೆ. ಸಾಲು ತಪ್ಪಿದ ಚೈನ್ ಫಿಕ್ಸೆಡ್ ಗೇರಿನಲ್ಲಿ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ.

ಬಳಕೆಯ ನಡುವೆ ಬಿರುಕು ಕಂಡ ಅಲ್ಯೂಮಿನಿಯಂ ತೋಳನ್ನು ವೆಲ್ಡ್ ಮಾಡಿಸಿ ಉಳಿಸಲಾಗದು. ತಯಾರಿಕೆಯಲ್ಲಿ ಕಾಯಿಸಿ ತಣಿಸಿ ಬರಿಸಿದ ಗಟ್ಟಿತನ ವೆಲ್ಡಿಂಗಿನ ಶಾಖಕ್ಕೆ ಇಳಿದುಹೋಗುತ್ತದೆ. ಅದನ್ನು ಮತ್ತೊಬ್ಬರಿಗೆ ಮಾರದೆ ಗುಜರಿಗೆ ಹಾಕಬೇಕು.