ಸ್ಕೀ ಸ್ಪರ್ಧೆಗಳಲ್ಲಿ ಸಲಕರಣೆಯ ನಿಯಮ ಮತ್ತು ಅನರ್ಹತೆ

ಕ್ರೀಡೆಯ ನಿಯಮಾವಳಿಯನ್ನು ಇತಿಹಾಸದ ಆಕರವೆಂದು ಪರಿಗಣಿಸುವ ರೂಢಿ ನಮ್ಮಲ್ಲಿ ವಿರಳ. ಶಾಸನಗಳಿಗೂ ಕಂದಾಯದ ಕಡತಗಳಿಗೂ ಸಲ್ಲುವ ಗೌರವ ಅದಕ್ಕೆ ಸಲ್ಲುವುದಿಲ್ಲ. ಆದರೆ ಒಂದು ಕಾಲದ ಜನರು ಯಾವುದನ್ನು ಮೋಸವೆಂದು ಭಾವಿಸಿದರು, ಅದನ್ನು ಯಾವ ಸಾಕ್ಷ್ಯದಿಂದ ನಿರ್ಣಯಿಸಿದರು ಎಂಬುದನ್ನು ಇಂಥ ನಿಯಮಗಳು ನೇರವಾಗಿ ತಿಳಿಸುತ್ತವೆ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಸ್ಕೀ ಎಂಬ ಉದ್ದನೆಯ ಹಲಗೆಯ ಸ್ಪರ್ಧೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಕಳೆದ ಅರ್ಧ ಶತಮಾನದಲ್ಲಿ ಇಲ್ಲಿಯ ವಿಚಾರಣೆಯು ಸ್ಪರ್ಧಿಯ ನಡತೆಯನ್ನು ಬಿಟ್ಟು ಅವನು ಧರಿಸಿದ ವಸ್ತುವಿನ ಕಡೆಗೆ ತಿರುಗಿತು. ಈ ಬದಲಾವಣೆಯಿಂದ ನ್ಯಾಯವು ನಿಸ್ಸಂಶಯವಾಯಿತೆಂದು ಭಾವಿಸುವವರಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ.

ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟವು 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಸ್ಥಾಪಿತವಾಯಿತು. ಕಡಿದಾದ ಇಳಿಜಾರಿನ ಆಲ್ಪೈನ್ ಸ್ಪರ್ಧೆಗಳು ಒಲಿಂಪಿಕ್ಸ್‌ಗೆ ಪ್ರವೇಶಿಸಿದ್ದು 1936ರಲ್ಲಿ. ಆಗಿನ ವಿವಾದ ಹಲಗೆಯ ಅಳತೆಯದಾಗಿರಲಿಲ್ಲ. ಸ್ಕೀ ವಿದ್ಯೆಯನ್ನು ಕಲಿಸಿ ಸಂಬಳ ಪಡೆಯುವವರು ವೃತ್ತಿಗರು, ಅವರಿಗೆ ಒಲಿಂಪಿಕ್ಸ್‌ನಲ್ಲಿ ಸ್ಥಾನವಿಲ್ಲವೆಂದು ಸಾರಲಾಯಿತು. ಆಸ್ಟ್ರಿಯ ಮತ್ತು ಸ್ವಿಟ್ಜರ್ಲೆಂಡಿನ ಆಲ್ಪೈನ್ ಸ್ಪರ್ಧಿಗಳು ಇದನ್ನು ಪ್ರತಿಭಟಿಸಿ ಹೊರಗುಳಿದರು. ಇತ್ತ ಹಲಗೆ ಮಾತ್ರ ಮೊದಲಿನಂತೆ ಉಳಿಯಲಿಲ್ಲ. 1960ರಲ್ಲಿ ಜ್ಯಾಂ ವ್ಯುಆರ್ನೆ ಲೋಹದ ಸ್ಕೀ ಕಟ್ಟಿ ಒಲಿಂಪಿಕ್ ಡೌನ್‌ಹಿಲ್ ಸ್ಪರ್ಧೆಯನ್ನು ಗೆದ್ದ ಮೇಲೆ ಮರದ ಹಲಗೆಯ ಕಾಲ ಮುಗಿಯುತ್ತ ಬಂತು. ಗೆದ್ದವನ ಕಾಲಲ್ಲಿದ್ದ ಸ್ಕೀ ಅದನ್ನು ತಯಾರಿಸಿದ ಕಾರ್ಖಾನೆಗೆ ಜಾಹೀರಾತಾಯಿತು.

ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಅವರಿಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. 1968ರ ಗ್ರೆನೋಬ್ಲ್ ಕ್ರೀಡೆಗಳಲ್ಲಿ ಸ್ಕೀಗಳ ಮೇಲಿನ ವ್ಯಾಪಾರ ಚಿಹ್ನೆಗಳನ್ನು ತೆಗೆಯಬೇಕೆಂಬ ಒತ್ತಾಯ ಬಂದಿತು. ಕೊನೆಗೆ, ಓಟ ಮುಗಿದ ಕೂಡಲೇ ಛಾಯಾಚಿತ್ರಕ್ಕೆ ಮುನ್ನ ಸ್ಪರ್ಧಿಯಿಂದ ಸ್ಕೀಗಳನ್ನು ತೆಗೆದುಕೊಳ್ಳುವುದೆಂಬ, ಸ್ವಲ್ಪ ನಗೆ ಬರಿಸುವ ರಾಜಿಯಾಯಿತು. 1972ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಆಸ್ಟ್ರಿಯದ ಕಾರ್ಲ್ ಶ್ರಾನ್ಸ್ ಅವರನ್ನು ಕ್ರೀಡೆಗಳ ಆರಂಭಕ್ಕೆ ಕೆಲವೇ ದಿನಗಳ ಮೊದಲು 28ಕ್ಕೆ 14 ಮತಗಳಿಂದ ಹೊರಹಾಕಲಾಯಿತು. ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಬಳಸಲು ಬಿಟ್ಟರೆಂಬುದು ಅವರ ಮೇಲಿದ್ದ ಆರೋಪ. ತಮ್ಮ ಪರವಾಗಿ ಸಮಿತಿಯ ಮುಂದೆ ವಾದಿಸುವ ಅವಕಾಶವೂ ಅವರಿಗೆ ದೊರೆಯಲಿಲ್ಲ. ವಿಯೆನ್ನಾಕ್ಕೆ ಮರಳಿದಾಗ ಭಾರಿ ಜನಸ್ತೋಮ ಅವರನ್ನು ಎದುರುಗೊಂಡಿತು. ಚಾನ್ಸಲರ್ ಕ್ರೈಸ್ಕಿ ಬರಮಾಡಿಕೊಂಡರು. ಶ್ರಾನ್ಸ್ ಅದೇ ವರ್ಷ ಸ್ಪರ್ಧೆಯಿಂದ ನಿವೃತ್ತರಾದರು. ಸ್ಕೀ ತಯಾರಕರಿಂದ ಲಾಭ ಪಡೆದವರು ಅವರೊಬ್ಬರೇ ಅಲ್ಲವೆಂಬುದು ಎಲ್ಲರಿಗೂ ತಿಳಿದಿದ್ದುದರಿಂದ, ಈ ನಿರ್ಣಯವನ್ನು ನ್ಯಾಯವೆನ್ನುವುದಕ್ಕಿಂತ ಎಚ್ಚರಿಕೆಯೆನ್ನುವುದು ಲೇಸು.

ಹವ್ಯಾಸಿ, ವೃತ್ತಿಗ ಎಂಬ ಭೇದ ಮುಂದೆ ಸಡಿಲಗೊಂಡಿತು. ಅದರ ಸ್ಥಾನವನ್ನು ಅಳತೆಗೋಲು ಆಕ್ರಮಿಸಿತು. ಆಲ್ಪೈನ್ ಸ್ಪರ್ಧೆಯ ಉಡುಪಿನ ಬಟ್ಟೆಯು ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ ಕನಿಷ್ಠ 30 ಲೀಟರ್ ಗಾಳಿಯನ್ನು ಹಾಯಗೊಡಬೇಕು. ಗಾಳಿಯಾಡದ ನುಣುಪು ಬಟ್ಟೆ ವೇಗವನ್ನು ಹೆಚ್ಚಿಸುವುದಲ್ಲದೆ, ಬಿದ್ದವನನ್ನು ತಡೆಯಿಲ್ಲದೆ ಕೆಳಕ್ಕೆ ಜಾರಿಸುತ್ತದೆ. ಸ್ಕೀಯ ಪಕ್ಕದ ಅಂಚು ಒಳಬಾಗಿದ ಕಮಾನಿನಂತಿರುತ್ತದೆ. ಆ ಕಮಾನನ್ನು ಪೂರ್ಣವೃತ್ತವಾಗಿ ಎಳೆದರೆ ಬರುವ ತ್ರಿಜ್ಯವು ಚಿಕ್ಕದಾದಷ್ಟೂ ತಿರುವು ಚುರುಕು, ಮೊಣಕಾಲಿಗೆ ಅಪಾಯವೂ ಹೆಚ್ಚೆಂಬ ವಾದದ ಮೇಲೆ, ಪುರುಷರ ಜಯಂಟ್ ಸ್ಲಾಲಮ್ ಸ್ಪರ್ಧೆಯಲ್ಲಿ ಕನಿಷ್ಠ ತ್ರಿಜ್ಯವನ್ನು 2012ರ ಋತುವಿನಿಂದ 27 ಮೀಟರಿನಿಂದ 35 ಮೀಟರಿಗೆ ಏರಿಸಲಾಯಿತು. ಇದನ್ನು ಬಲವಾಗಿ ವಿರೋಧಿಸಿದ ಅಮೆರಿಕದ ಟೆಡ್ ಲಿಗೆಟಿ ಆ ಋತುವಿನ ಮೊದಲ ಸ್ಪರ್ಧೆಯನ್ನು 2.75 ಸೆಕೆಂಡುಗಳ ಅಂತರದಿಂದ ಗೆದ್ದರು! 2017ರಲ್ಲಿ ಒಕ್ಕೂಟವೇ 30 ಮೀಟರಿಗೆ ಇಳಿಯಿತು.

ಫ್ಲೋರಿನ್‌ಯುಕ್ತ ಮೇಣದ ನಿಷೇಧ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. ಸ್ಕೀಯ ತಳಕ್ಕೆ ಸವರುವ ಈ ಮೇಣ ನೀರನ್ನೂ ಕೊಳೆಯನ್ನೂ ದೂರವಿರಿಸಿ ವೇಗ ಕೊಡುತ್ತದೆ. ಆದರೆ ಅದರ ರಾಸಾಯನಿಕಗಳು ಪ್ರಕೃತಿಯಲ್ಲಿ ಸುಲಭವಾಗಿ ಕರಗಿಹೋಗುವುವಲ್ಲ. 2019ರಲ್ಲಿ ಘೋಷಿತವಾದ ನಿಷೇಧ 2023ರ ಋತುವಿನಲ್ಲಷ್ಟೇ ಪೂರ್ಣವಾಗಿ ಜಾರಿಗೆ ಬಂದಿತು. ನಂಬಬಹುದಾದ ಪರೀಕ್ಷಾ ಯಂತ್ರ ಸಿದ್ಧವಾಗುವವರೆಗೆ ನಿಯಮ ಕಾಯಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಆಸ್ಟ್ರಿಯದ ಸೋಲ್ಡನ್‌ನಲ್ಲಿ ನಾರ್ವೆಯ ರಾಗ್ನ್‌ಹಿಲ್ಡ್ ಮೋವಿಂಕೆಲ್ ಆಲ್ಪೈನ್ ಸ್ಪರ್ಧಿಗಳಲ್ಲಿ ಮೊದಲಿಗರಾಗಿ ಈ ಕಾರಣದಿಂದ ಅನರ್ಹಗೊಂಡರು. ಉದ್ದೇಶವೇನೆಂದು ನಿಯಮ ಕೇಳುವುದಿಲ್ಲ.

ಅಳತೆಯೂ ಮನುಷ್ಯನ ಕೈಯಿಂದಲೇ ಆಗಬೇಕೆಂಬುದು ಬೀಜಿಂಗಿನಲ್ಲಿ ಪ್ರಕಟವಾಯಿತು. 2022ರ ಫೆಬ್ರವರಿ 7ರಂದು ನಡೆದದ್ದು ಓಟವಲ್ಲ, ಸ್ಕೀ ಜಿಗಿತ. ಇಲ್ಲಿ ಸಡಿಲ ಉಡುಪು ರೆಕ್ಕೆಯಂತೆ ಗಾಳಿಯನ್ನು ಹಿಡಿಯುವುದರಿಂದ ಬಟ್ಟೆಗೂ ಮೈಗೂ ನಡುವಿನ ಕೆಲವೇ ಸೆಂಟಿಮೀಟರ್ ನಿರ್ಣಾಯಕ. ಮಿಶ್ರ ತಂಡಗಳ ಆ ಸ್ಪರ್ಧೆಯಲ್ಲಿ ಜಪಾನ್, ಆಸ್ಟ್ರಿಯ, ಜರ್ಮನಿಗಳ ಒಬ್ಬೊಬ್ಬರು, ನಾರ್ವೆಯ ಇಬ್ಬರು, ಹೀಗೆ ಐವರು ಮಹಿಳೆಯರು ಒಂದೇ ಸಂಜೆ ಉಡುಪಿನ ಕಾರಣದಿಂದ ಅನರ್ಹರಾದರು. ಜಪಾನಿನ ಸಾರಾ ತಕನಾಶಿಯ 103 ಮೀಟರ್ ಜಿಗಿತ ಲೆಕ್ಕಕ್ಕಿಲ್ಲವಾಯಿತು. ಅವರ ತಂಡ ನಾಲ್ಕನೆಯದಾಯಿತು. ಜರ್ಮನಿ ಎರಡನೆಯ ಸುತ್ತಿಗೇ ಬರಲಿಲ್ಲ. ಅಂದು ಅಳೆದ ಕ್ರಮವೇ ಹಿಂದಿನದಕ್ಕಿಂತ ಭಿನ್ನವಾಗಿತ್ತೆಂದು ಸ್ಪರ್ಧಿಗಳು ದೂರಿದರು. ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. ದೂರು ದಿಟವೋ ಅಲ್ಲವೋ, ಅದು ಏಳಲು ಆಸ್ಪದವಿತ್ತೆಂಬುದೇ ಗಮನಾರ್ಹ. ಶ್ರಾನ್ಸ್ ಅವರಿಗೆ ತಮ್ಮನ್ನು ಹೊರಹಾಕಿದವರು ಯಾರೆಂಬುದಾದರೂ ತಿಳಿದಿತ್ತು; ಈ ಐವರು ಒಂದು ಅಂಕಿಯೊಡನೆ ವಾದಿಸಬೇಕಾಯಿತು.

ಹಾಗೆಂದು ವಸ್ತುಪರೀಕ್ಷೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. 2025ರ ಮಾರ್ಚಿನಲ್ಲಿ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಆತಿಥೇಯ ತಂಡದವರು ಉಡುಪುಗಳನ್ನು ಗುಟ್ಟಾಗಿ ಹೊಲಿಯುತ್ತಿದ್ದ ಚಿತ್ರಣ ಬಹಿರಂಗವಾಯಿತು. ಎದುರಾಳಿ ತಂಡಗಳು ಪ್ರತಿಭಟಿಸಿದವು. ಸ್ಪರ್ಧೆಯ ನಂತರ ಹೊಲಿಗೆ ಬಿಚ್ಚಿ ನೋಡಿದಾಗ ಬಟ್ಟೆಯನ್ನು ಬಿಗಿಗೊಳಿಸುವ ಗಟ್ಟಿ ದಾರ ಒಳಗೆ ಸಿಕ್ಕಿತು. ಎರಡನೆಯ ಸ್ಥಾನ ಪಡೆದಿದ್ದವರೂ ಸೇರಿ ಇಬ್ಬರು ಅನರ್ಹರಾದರು. ಮಾಮೂಲಿನ ತಪಾಸಣೆಯಲ್ಲಿ ಈ ದಾರ ಕಂಡಿರಲಿಲ್ಲ. ಆ ಋತುವಿನ ಉಳಿದ ಸ್ಪರ್ಧೆಗಳಿಗೆ ಒಬ್ಬೊಬ್ಬರಿಗೂ ಒಂದೇ ಉಡುಪೆಂದು ವಿಧಿಸಿ, ಅವುಗಳನ್ನು ಒಕ್ಕೂಟವು ತನ್ನ ವಶದಲ್ಲಿಯೇ ಇರಿಸಿಕೊಂಡಿತು.